ಮೂರು ಆಡಳಿತಗಳ ಸೆರೆಯಾಳು: ಕಾರ್ಡಿನಲ್ ಮಿಂಡ್ಸೆಂಟಿ

ಒಂದು ಕಾಲದಲ್ಲಿ ನಮ್ಮ ದೇವಾಲಯಗಳಲ್ಲಿ ಬಲಿಪೂಜೆ ಮುಗಿದ ಮೇಲೆ ಗುರುಗಳೂ ಭಕ್ತರೂ ಮೊಣಕಾಲೂರಿ ಕೆಲವು ವಿಶೇಷ ಪ್ರಾರ್ಥನೆಗಳನ್ನು ಸಲ್ಲಿಸುತ್ತಿದ್ದರೆಂಬುದು ನಮ್ಮ ಹಿರಿಯರಿಗೆ ನೆನಪಿರಬಹುದು. 1930ರಲ್ಲಿ ಪೋಪ್ ಹನ್ನೊಂದನೆಯ ಪಿಯುಸರು ಆ ಪ್ರಾರ್ಥನೆಗಳನ್ನು ರಷ್ಯಾ ದೇಶಕ್ಕಾಗಿ ಅರ್ಪಿಸಬೇಕೆಂದು ವಿಧಿಸಿದ್ದರು. 1965ರಲ್ಲಿ ಪೂಜಾವಿಧಿಯ ಸುಧಾರಣೆಯೊಂದಿಗೆ ಅವು ನಿಂತುಹೋದವು. ನಮ್ಮ ಅಜ್ಜ ಅಜ್ಜಿಯಂದಿರು ಕಾಣದ ಆ ದೂರದ ನಾಡುಗಳಲ್ಲಿ ವಿಶ್ವಾಸಿಗಳು ಏನನ್ನು ಅನುಭವಿಸುತ್ತಿದ್ದರು? ಅದನ್ನು ತಿಳಿಯಬಯಸುವವರು ಹಂಗೇರಿಯ ಕಾರ್ಡಿನಲ್ ಯೋಜೆಫ್ ಮಿಂಡ್ಸೆಂಟಿಯವರ ಜೀವನವನ್ನು ಅರಿಯಬೇಕು. ಎರಡನೆಯ ಮಹಾಯುದ್ಧದ ನಂತರ ಜಗತ್ತನ್ನು ಇಬ್ಭಾಗ ಮಾಡಿದ ಶೀತಲ ಸಮರದ ಏಳುಬೀಳುಗಳೆಲ್ಲವೂ ಈ ಒಬ್ಬ ಮನುಷ್ಯನ ಬದುಕಿನ ಮೇಲೆ ಹಾದುಹೋದವು.

1892ರ ಮಾರ್ಚ್ 29ರಂದು ಪಶ್ಚಿಮ ಹಂಗೇರಿಯ ಚೆಹಿಮಿಂಡ್ಸೆಂಟ್ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ಅವರು ಜನಿಸಿದರು. ಹುಟ್ಟು ಹೆಸರು ಯೋಜೆಫ್ ಪೇಮ್. 1915ರಲ್ಲಿ ಗುರುದೀಕ್ಷೆ ಪಡೆದರು. ಮೊದಲನೆಯ ಮಹಾಯುದ್ಧದಲ್ಲಿ ಸೋತ ಹಂಗೇರಿಯಲ್ಲಿ 1919ರಲ್ಲಿ ಕ್ರಾಂತಿಯ ಮೇಲೆ ಕ್ರಾಂತಿ ನಡೆಯಿತು. ಬೇಲಾ ಕುನ್ ನೇತೃತ್ವದ ಕಮ್ಯುನಿಸ್ಟ್ ಸರಕಾರವೂ ಕೆಲವು ತಿಂಗಳು ಆಳಿತು. ಹೊಸ ಆಡಳಿತವನ್ನು ಟೀಕಿಸಿದ್ದಕ್ಕಾಗಿ ಈ ತರುಣ ಗುರುಗಳು ಮೊದಲ ಬಾರಿ ಬಂಧನಕ್ಕೊಳಗಾದರು. ಬಿಡುಗಡೆಯ ನಂತರ ಜಲಾಎಗೆರ್ಸೆಗ್ ಪಟ್ಟಣದ ಧರ್ಮಕೇಂದ್ರದಲ್ಲಿ ಸುಮಾರು 25 ವರ್ಷಗಳ ಕಾಲ ವಿಚಾರಣಾ ಗುರುಗಳಾಗಿ ದುಡಿದರು. ನಾಜಿ ಜರ್ಮನಿಯ ಪ್ರಭಾವ ಹಂಗೇರಿಯ ಮೇಲೆ ಹೆಚ್ಚಿದಾಗ, ಜರ್ಮನ್ ಮೂಲದ ತಮ್ಮ ಮನೆತನದ ಹೆಸರನ್ನು ತೊರೆದು ಹುಟ್ಟೂರಿನ ಹೆಸರನ್ನೇ ಧರಿಸಿ ಮಿಂಡ್ಸೆಂಟಿಯಾದರು.

1944ರ ಮಾರ್ಚ್ ತಿಂಗಳಲ್ಲಿ ಅವರು ವೆಸ್ಪ್ರೇಮ್ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು. ಅದೇ ತಿಂಗಳು ಜರ್ಮನ್ ಪಡೆಗಳು ಹಂಗೇರಿಯನ್ನು ವಶಪಡಿಸಿಕೊಂಡವು. ಶರತ್ಕಾಲದಲ್ಲಿ ನಾಜಿಗಳ ಸ್ಥಳೀಯ ಅನುಯಾಯಿಗಳು ಅಧಿಕಾರ ಹಿಡಿದರು. ಸೋಲು ಖಚಿತವಾದ ಯುದ್ಧಕ್ಕೆ ಪಶ್ಚಿಮ ಹಂಗೇರಿಯ ಜನರನ್ನು ಬಲಿಗೊಡಬಾರದೆಂದು ಮಿಂಡ್ಸೆಂಟಿಯವರು ಇತರ ಧರ್ಮಾಧ್ಯಕ್ಷರೊಡನೆ ಸರಕಾರಕ್ಕೆ ಮನವಿ ಸಲ್ಲಿಸಿದರು. ನವೆಂಬರ್ 27ರಂದು ಮತ್ತೆ ಸೆರೆಮನೆ! ಯುದ್ಧದ ಕೊನೆಯ ದಿನಗಳಲ್ಲಷ್ಟೇ ಅವರಿಗೆ ಬಿಡುಗಡೆಯಾಯಿತು.

ಹಂಗೇರಿಯಿಂದ ಜರ್ಮನರನ್ನು ಹೊರಗಟ್ಟಿದ್ದು ಸೋವಿಯತ್ ಸೇನೆ. ಆದರೆ ಆ ಸೇನೆ ಹಿಂದಿರುಗಿ ಹೋಗಲಿಲ್ಲ. 1945ರ ನವೆಂಬರ್ ಚುನಾವಣೆಯಲ್ಲಿ ಸಣ್ಣ ಹಿಡುವಳಿದಾರರ ಪಕ್ಷಕ್ಕೆ ಶೇಕಡಾ 57ರಷ್ಟು ಮತಗಳು ಬಂದರೆ ಕಮ್ಯುನಿಸ್ಟರಿಗೆ ಬಂದದ್ದು ಶೇಕಡಾ 17 ಮಾತ್ರ. ಹೀಗಿದ್ದೂ ಪೊಲೀಸ್ ಇಲಾಖೆ ಕಮ್ಯುನಿಸ್ಟರ ಕೈಯಲ್ಲಿತ್ತು. ಬೆನ್ನಿಗೆ ಸೋವಿಯತ್ ಸೇನೆಯಿತ್ತು. ಪಕ್ಷದ ನಾಯಕ ಮಾತ್ಯಾಶ್ ರಾಕೊಶಿ ವಿರೋಧಿಗಳನ್ನು ಒಬ್ಬೊಬ್ಬರನ್ನಾಗಿ ಬದಿಗೊತ್ತುತ್ತ ಬಂದು ಮೂರು ನಾಲ್ಕು ವರ್ಷಗಳಲ್ಲಿ ಇಡೀ ದೇಶವನ್ನು ವಶಮಾಡಿಕೊಂಡನು.

ಇಲ್ಲಿ ನ್ಯಾಯವಾಗಿ ಒಂದು ಮಾತನ್ನು ನಾವು ಹೇಳಲೇಬೇಕು. ಕಮ್ಯುನಿಸಂ ಬರಿಯ ಬಂದೂಕಿನ ಬಲದಿಂದ ಬೆಳೆದದ್ದಲ್ಲ. ಹಂಗೇರಿಯಲ್ಲಿ ತುಂಡು ಭೂಮಿಯೂ ಇಲ್ಲದ ಲಕ್ಷಾಂತರ ಕೂಲಿಗಳಿದ್ದರು. ದೊಡ್ಡ ಭೂಮಾಲೀಕರ ಸಾಲಿನಲ್ಲಿ ಧರ್ಮಸಭೆಯೂ ಇತ್ತು. ಮಿಂಡ್ಸೆಂಟಿಯವರು ಹುಟ್ಟುವುದಕ್ಕೆ ಒಂದು ವರ್ಷ ಮೊದಲು, 1891ರಲ್ಲಿ, ಪೋಪ್ ಹದಿಮೂರನೆಯ ಲಿಯೋರವರು ಕಾರ್ಮಿಕರ ನ್ಯಾಯಬದ್ಧ ಹಕ್ಕುಗಳನ್ನು ಎತ್ತಿಹಿಡಿದು ವಿಶ್ವಪತ್ರವನ್ನು ಹೊರಡಿಸಿದ್ದರು. ಅದನ್ನು ಕ್ರೈಸ್ತ ನಾಡುಗಳು ಸಕಾಲದಲ್ಲಿ ಆಚರಣೆಗೆ ತಂದಿದ್ದರೆ ಚರಿತ್ರೆ ಬೇರೆಯಾಗಬಹುದಿತ್ತು. ಬಡವನ ಹಸಿವಿಗೆ ನಾವು ಉತ್ತರ ಕೊಡದಿದ್ದಾಗ ಬೇರೊಬ್ಬರು ಕೊಡುತ್ತಾರೆ. ಆ ಉತ್ತರದ ಬೆಲೆ ಏನೆಂದು ಬಡವನಿಗೆ ಆಮೇಲೆ ತಿಳಿಯುತ್ತದೆ.

1945ರಲ್ಲಿ ಪೋಪ್ ಹನ್ನೆರಡನೆಯ ಪಿಯುಸರು ಮಿಂಡ್ಸೆಂಟಿಯವರನ್ನು ಎಸ್ತರ್ಗೋಮ್ ಮಹಾಧರ್ಮಾಧ್ಯಕ್ಷರನ್ನಾಗಿ, ಅಂದರೆ ಹಂಗೇರಿ ಧರ್ಮಸಭೆಯ ಪ್ರಧಾನರನ್ನಾಗಿ ನೇಮಿಸಿದರು. 1946ರಲ್ಲಿ ಕಾರ್ಡಿನಲ್ ಪದವಿಗೇರಿಸಿದರು. ಕಾರ್ಡಿನಲರ ಸ್ವಭಾವ ಬಾಗುವಂಥದ್ದಲ್ಲ. ಅರಸೊತ್ತಿಗೆಯ ಕಡೆಗೆ ಅವರಿಗಿದ್ದ ಒಲವು, ಹಳೆಯ ಹಂಗೇರಿಯ ಮೇಲಿದ್ದ ಅಭಿಮಾನ ಇವುಗಳನ್ನು ಚರಿತ್ರಕಾರರು ಟೀಕಿಸಿದ್ದಾರೆ. ಆದರೆ 1948ರಲ್ಲಿ ಸರಕಾರ ಧರ್ಮಸಭೆಯ ಶಾಲೆಗಳನ್ನು ವಶಪಡಿಸಿಕೊಳ್ಳಲು ಹೊರಟಾಗ ಅವರು ಎತ್ತಿದ ಪ್ರಶ್ನೆ ಹಳೆಯ ವೈಭವದ್ದಾಗಿರಲಿಲ್ಲ. ಮಗುವಿನ ಮನಸ್ಸನ್ನು ರೂಪಿಸುವ ಮೊದಲ ಹಕ್ಕು ತಂದೆತಾಯಿಯರದೋ ಸರಕಾರದ್ದೋ ಎಂಬುದೇ ಆ ಪ್ರಶ್ನೆ. ದೇವಾಲಯಗಳ ಗಂಟೆಗಳನ್ನು ಬಾರಿಸಿ ಪ್ರತಿಭಟಿಸಲು ಅವರು ಕರೆಯಿತ್ತರು. ಅದಕ್ಕೆ ಮುಂಚೆ, 1947ರ ಸ್ವರ್ಗಾರೋಹಣದ ಹಬ್ಬದಿಂದ, ಮರಿಯ ಮಾತೆಯ ವರ್ಷವನ್ನು ಘೋಷಿಸಿದ್ದರು. ಅದರ ಆಚರಣೆಗಳಿಗೆ ಜನ ಲಕ್ಷೋಪಲಕ್ಷವಾಗಿ ನೆರೆದಿದ್ದರು. ಸರಕಾರ ಇದನ್ನು ಸಹಿಸಲಿಲ್ಲ.

1948ರ ಡಿಸೆಂಬರ್ 26, ಕ್ರಿಸ್ತಜಯಂತಿಯ ಮರುದಿನ, ಆದಿ ರಕ್ತಸಾಕ್ಷಿ ಸಂತ ಸ್ತೇಫನರ ಹಬ್ಬ. ಆ ದಿನ ಪೊಲೀಸರು ಕಾರ್ಡಿನಲರನ್ನು ಬಂಧಿಸಿ ಬುಡಾಪೆಸ್ಟಿನ ಆಂದ್ರಾಶಿ ರಸ್ತೆಯ 60ನೆಯ ನಂಬರಿನ ಕಟ್ಟಡಕ್ಕೆ ಒಯ್ದರು. ಅದು ಗುಪ್ತ ಪೊಲೀಸರ ಕೇಂದ್ರ. ವಿಚಾರಣೆಯ ದಿನದವರೆಗೆ 39 ದಿನಗಳ ಕಾಲ ಅವರನ್ನು ರಬ್ಬರ್ ದೊಣ್ಣೆಯಿಂದ ಹೊಡೆದರು, ನಿದ್ರೆಗೆಡಿಸಿದರು, ಹಗಲಿರುಳು ಪ್ರಶ್ನಿಸಿ ಅವಮಾನಿಸಿದರು. ಹೀಗಾಗಬಹುದೆಂದು ಅವರು ಮೊದಲೇ ಊಹಿಸಿದ್ದರು. ಬಂಧನದ ನಂತರ ತಮ್ಮಿಂದ ಯಾವುದೇ ತಪ್ಪೊಪ್ಪಿಗೆ ಹೊರಬಂದರೆ ಅದು ಮಾನವ ದೇಹದ ದೌರ್ಬಲ್ಯದ ಫಲವೆಂದೂ ಅದಕ್ಕೆ ಬೆಲೆಯಿಲ್ಲವೆಂದೂ ಮುಂಚಿತವಾಗಿಯೇ ಬರೆದಿಟ್ಟಿದ್ದರು.

ಆ ದೌರ್ಬಲ್ಯ ಪ್ರಕಟವೂ ಆಯಿತು. ಅವರು ಸಹಿ ಮಾಡಿದರು. ಆದರೆ ಹೆಸರಿನ ಮುಂದೆ ಲ್ಯಾಟಿನ್ ಭಾಷೆಯ ಎರಡು ಅಕ್ಷರಗಳನ್ನು ಸೇರಿಸಿದರು. ಬಲವಂತಕ್ಕೊಳಗಾಗಿ ಮಾಡಿದ್ದು ಎಂಬ ಅರ್ಥದ ಎರಡು ಪದಗಳ ಮೊದಲಕ್ಷರಗಳವು. ಪೊಲೀಸರಿಗೆ ಅದರ ಗುಟ್ಟು ತಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಮತ್ತಷ್ಟು ಹಿಂಸೆ ಕಾದಿತ್ತು.

1949ರ ಫೆಬ್ರವರಿ 3ರಿಂದ ವಿಚಾರಣೆಯ ನಾಟಕ ನಡೆಯಿತು. ರಾಜದ್ರೋಹ, ಗಣರಾಜ್ಯವನ್ನು ಉರುಳಿಸುವ ಒಳಸಂಚು, ವಿದೇಶಿ ಹಣದ ಅಕ್ರಮ ವ್ಯವಹಾರ ಇವೇ ಆರೋಪಗಳು. ಬಸವಳಿದು ನಿಂತ ಕಾರ್ಡಿನಲರು ಹಲವು ಆರೋಪಗಳನ್ನು ಭಾಗಶಃ ಒಪ್ಪಿಕೊಂಡರು. ಜಗತ್ತು ಬೆರಗಾಯಿತು. ಫೆಬ್ರವರಿ 8ರಂದು ಜೀವಾವಧಿ ಶಿಕ್ಷೆ ವಿಧಿಸಲಾಯಿತು. ಪವಿತ್ರ ಪೀಠವು ಈ ಕೃತ್ಯದಲ್ಲಿ ಪಾಲ್ಗೊಂಡವರನ್ನು ಬಹಿಷ್ಕೃತರೆಂದು ಸಾರಿತು. ವಿಶ್ವಸಂಸ್ಥೆಯ ಮಹಾಸಭೆಯೂ ಕಳವಳ ಸೂಚಿಸಿತು.

ಈ ಸಹಿಯ ಬಗ್ಗೆ ನಾವು ತುಸು ಚಿಂತಿಸಬೇಕು. ಮನುಷ್ಯನ ಹೊರಗಿನ ಕ್ರಿಯೆಯನ್ನು ಬಲಾತ್ಕಾರದಿಂದ ಪಡೆಯಬಹುದು, ಆದರೆ ಇಚ್ಛಾಶಕ್ತಿಯ ಒಳಗಿನ ಸಮ್ಮತಿಯನ್ನು ಯಾವ ಹೊರಗಿನ ಶಕ್ತಿಯೂ ಬಲಾತ್ಕಾರದಿಂದ ಪಡೆಯಲಾರದು ಎಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆ. ಕೈಯನ್ನು ಹಿಡಿದು ಬರೆಸಬಹುದು, ಹೃದಯವನ್ನು ಹಿಡಿದು ಒಪ್ಪಿಸಲಾಗದು. ಇದಕ್ಕೆ ವಿರುದ್ಧವಾಗಿ, ಬದುಕಿನ ಭೌತಿಕ ಸ್ಥಿತಿಗತಿಗಳೇ ಮನುಷ್ಯನ ಪ್ರಜ್ಞೆಯನ್ನು ರೂಪಿಸುತ್ತವೆ ಎಂಬುದು ಮಾರ್ಕ್ಸ್‌ವಾದದ ತಳಹದಿ. ಆ ಸಿದ್ಧಾಂತವನ್ನು ಅದರ ಅತಿ ಕ್ರೂರ ರೂಪದಲ್ಲಿ ಗುಪ್ತ ಪೊಲೀಸರು 39 ದಿನಗಳ ಕಾಲ ಒಬ್ಬ ವೃದ್ಧನ ಮೈಮೇಲೆ ಪ್ರಯೋಗಿಸಿದರು. ಅವರಿಗೆ ಸಹಿ ದೊರೆಯಿತು, ಸಮ್ಮತಿ ದೊರೆಯಲಿಲ್ಲ. ಇಡೀ ಪೂರ್ವ ಯುರೋಪಿನಲ್ಲಿ ನಡೆದದ್ದೂ ಇದೇ. ಮತಪೆಟ್ಟಿಗೆ, ಮೆರವಣಿಗೆ, ಜಯಘೋಷ ಎಲ್ಲವೂ ಕೋಟ್ಯಂತರ ಜನರಿಂದ ಪಡೆದ ಬಲವಂತದ ಸಹಿಗಳು. ಸಮ್ಮತಿಯಿಲ್ಲದ ಸಹಿಗಳ ಮೇಲೆ ಕಟ್ಟಿದ ರಾಜ್ಯ ಎಷ್ಟು ದಿನ ನಿಂತೀತು?

ಮೊದಲ ಬಿರುಕು 1956ರಲ್ಲಿ ಕಾಣಿಸಿತು. ಅಕ್ಟೋಬರ್ 23ರಂದು ಬುಡಾಪೆಸ್ಟಿನಲ್ಲಿ ವಿದ್ಯಾರ್ಥಿಗಳೂ ಕಾರ್ಮಿಕರೂ ದಂಗೆಯೆದ್ದರು. ಯಾವ ಕಾರ್ಮಿಕರ ಹೆಸರಿನಲ್ಲಿ ರಾಜ್ಯಭಾರ ನಡೆಯುತ್ತಿತ್ತೋ ಅವರೇ ಬೀದಿಗಿಳಿದಿದ್ದರು. ಅಕ್ಟೋಬರ್ 30ರಂದು ಕಾರ್ಡಿನಲರು ಬಿಡುಗಡೆ ಹೊಂದಿದರು. ಆ ಸ್ವಾತಂತ್ರ್ಯ ಬಾಳಿದ್ದು ಐದು ದಿನಗಳಷ್ಟೆ. ನವೆಂಬರ್ 4ರ ಬೆಳಗ್ಗೆ ಸೋವಿಯತ್ ಟ್ಯಾಂಕುಗಳು ರಾಜಧಾನಿಗೆ ನುಗ್ಗಿದವು. ಅದೇ ವಾರ ಬ್ರಿಟನ್, ಫ್ರಾನ್ಸ್‌ಗಳು ಸುಯೆಜ್ ಕಾಲುವೆಯ ಯುದ್ಧದಲ್ಲಿ ಮಗ್ನವಾಗಿದ್ದವು. ಅಮೆರಿಕ ಸೋವಿಯತ್ ಒಕ್ಕೂಟದೊಡನೆ ಯುದ್ಧಕ್ಕಿಳಿಯಲು ಸಿದ್ಧವಿರಲಿಲ್ಲ. ಸುಮಾರು 2,500 ಹಂಗೇರಿಯನ್ನರು ಮಡಿದರು. ಸುಮಾರು 2 ಲಕ್ಷ ಜನ ದೇಶ ಬಿಟ್ಟು ಓಡಿದರು. ಪ್ರಧಾನಿ ಇಮ್ರೆ ನಾಗಿಯವರನ್ನು 1958ರಲ್ಲಿ ಗಲ್ಲಿಗೇರಿಸಲಾಯಿತು. ಕಾರ್ಡಿನಲರು ಅಮೆರಿಕದ ದೂತಾವಾಸದಲ್ಲಿ ಆಶ್ರಯ ಪಡೆದರು.

ಕೆಲವೇ ದಿನಗಳಿಗೆಂದು ಹೊಕ್ಕ ಆ ಕಟ್ಟಡದಲ್ಲಿ ಅವರು ಕಳೆದದ್ದು 15 ವರ್ಷಗಳು. ಹೊರಗೆ ಪೊಲೀಸರ ಕಾವಲು. 1958 ಮತ್ತು 1963ರಲ್ಲಿ ಹೊಸ ಪೋಪರ ಆಯ್ಕೆ ನಡೆದಾಗ ರೋಮಿಗೆ ಹೋಗಲಾಗಲಿಲ್ಲ. ಸೆರೆಮನೆಯಲ್ಲಿದ್ದಾಗ ತಮ್ಮನ್ನು ನೋಡಲು ಬರುತ್ತಿದ್ದ ವೃದ್ಧ ತಾಯಿ 1960ರಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆಗೂ ಹೋಗಲಾಗಲಿಲ್ಲ. ತರುಣ ಗುರುವಾಗಿದ್ದಾಗ ತಾಯ್ತನದ ಕುರಿತು ಪುಸ್ತಕವೊಂದನ್ನೇ ಬರೆದಿದ್ದ ಮಗನಿಗೆ ಇದೆಂಥ ನೋವಾಗಿರಬೇಕು!

ಇಷ್ಟರಲ್ಲಿ ಕಾಲ ಬದಲಾಯಿತು. ಎರಡು ಮಹಾಶಕ್ತಿಗಳು ಪರಸ್ಪರ ಬಿಗುವನ್ನು ಸಡಿಲಿಸಿಕೊಳ್ಳತೊಡಗಿದವು. ಅಮೆರಿಕಕ್ಕೆ ಈ ಅತಿಥಿ ಹೊರೆಯೆನಿಸಿದರು. ಪವಿತ್ರ ಪೀಠಕ್ಕೂ ಬೇರೊಂದು ಚಿಂತೆಯಿತ್ತು. ಹಂಗೇರಿಯ ಅನೇಕ ಧರ್ಮಪ್ರಾಂತ್ಯಗಳಿಗೆ ಧರ್ಮಾಧ್ಯಕ್ಷರಿರಲಿಲ್ಲ. ಧರ್ಮಾಧ್ಯಕ್ಷರಿಲ್ಲದೆ ಗುರುಗಳಿಲ್ಲ, ಗುರುಗಳಿಲ್ಲದೆ ಸಂಸ್ಕಾರಗಳಿಲ್ಲ. 1964ರಲ್ಲಿ ಹಂಗೇರಿ ಸರಕಾರದೊಡನೆ ಒಪ್ಪಂದವಾಯಿತು. 1971ರಲ್ಲಿ ಪೋಪ್ ಆರನೆಯ ಪೌಲರ ಇಚ್ಛೆಯಂತೆ ಕಾರ್ಡಿನಲರು ಸೆಪ್ಟೆಂಬರ್ 28ರಂದು ಸ್ವದೇಶವನ್ನು ತೊರೆದು, ರೋಮಿನ ಮೂಲಕ ವಿಯೆನ್ನಾ ಸೇರಿದರು. ತಮ್ಮ ಜೀವನದ ಅತಿ ಭಾರವಾದ ಶಿಲುಬೆ ಇದೇ ಎಂದು ಅವರು ಭಾವಿಸಿದರು. ಅಲ್ಲಿಗೂ ಮುಗಿಯಲಿಲ್ಲ. ಪದತ್ಯಾಗ ಮಾಡಬೇಕೆಂಬ ಕೋರಿಕೆಗೆ ಅವರ ಆತ್ಮಸಾಕ್ಷಿ ಒಪ್ಪಲಿಲ್ಲ. 1974ರ ಫೆಬ್ರವರಿಯಲ್ಲಿ, ಆ ಅನ್ಯಾಯದ ವಿಚಾರಣೆ ನಡೆದು ಸರಿಯಾಗಿ 25 ವರ್ಷಗಳಾದಾಗ, ಪೋಪರು ಎಸ್ತರ್ಗೋಮ್ ಪೀಠ ಖಾಲಿಯಾಗಿದೆಯೆಂದು ಘೋಷಿಸಿದರು. ತಾವಾಗಿ ರಾಜೀನಾಮೆ ಕೊಟ್ಟಿಲ್ಲವೆಂಬುದನ್ನು ಕಾರ್ಡಿನಲರು ಬಹಿರಂಗವಾಗಿ ಸ್ಪಷ್ಟಪಡಿಸಿದರು. ಆದರೆ ಪೋಪರ ಅಧಿಕಾರದ ವಿರುದ್ಧ ದಂಗೆಯೇಳಲಿಲ್ಲ, ಧರ್ಮಸಭೆಯಿಂದ ದೂರ ಸರಿಯಲೂ ಇಲ್ಲ.

ಇವರಲ್ಲಿ ಯಾರು ಸರಿ, ಯಾರು ತಪ್ಪು? ಹಸಿದ ಮಕ್ಕಳಿಗೆ ಹೇಗಾದರೂ ರೊಟ್ಟಿ ತಲುಪಿಸಬೇಕೆಂದು ಚಡಪಡಿಸುವ ತಂದೆಯಂತೆ ಆರನೆಯ ಪೌಲರು ನಡೆದುಕೊಂಡರು. ಸತ್ಯಕ್ಕೆ ಸಾಕ್ಷಿ ಹೇಳಲು ನಿಂತವನಂತೆ ಮಿಂಡ್ಸೆಂಟಿಯವರು ನಡೆದುಕೊಂಡರು. ಧರ್ಮಸಭೆಗೆ ಇಬ್ಬರೂ ಬೇಕು. ಶತ್ರುಗಳ ಹಿಂಸೆಯನ್ನು ಸಹಿಸಿದ ಅನೇಕರು ಸ್ವಂತ ಮನೆಯವರಿಂದಾದ ನೋವನ್ನು ಸಹಿಸಲಾರದೆ ಕಹಿಯಾಗುತ್ತಾರೆ. ಮಿಂಡ್ಸೆಂಟಿಯವರು ನೊಂದರು, ತಮ್ಮ ನಿಲುವನ್ನು ಮುಚ್ಚಿಡಲಿಲ್ಲ. ಆದರೂ ಮನೆ ಬಿಟ್ಟು ಹೋಗಲಿಲ್ಲ. ಸೆರೆಮನೆಯ ಸಹನೆಗಿಂತ ಈ ಸಹನೆ ದೊಡ್ಡದೆಂದು ನಮಗೆ ತೋರುತ್ತದೆ.

ಚದುರಿಹೋದ ಹಂಗೇರಿಯನ್ನರನ್ನು ಸಂತೈಸುತ್ತ ಅಮೆರಿಕ, ಕೆನಡ, ದಕ್ಷಿಣ ಆಫ್ರಿಕ, ಆಸ್ಟ್ರೇಲಿಯಗಳಿಗೆ ಆ ಇಳಿವಯಸ್ಸಿನಲ್ಲಿ ಪ್ರಯಾಣ ಮಾಡಿ, 1975ರ ಮೇ 6ರಂದು ವಿಯೆನ್ನಾದಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಆಸ್ಟ್ರಿಯಾದ ಮರಿಯಾಜೆಲ್ ಪುಣ್ಯಕ್ಷೇತ್ರದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ಸೋವಿಯತ್ ಪ್ರಭುತ್ವ ತೊಲಗುವವರೆಗೆ ತಮ್ಮ ದೇಹವನ್ನು ಸ್ವದೇಶಕ್ಕೆ ಒಯ್ಯಬಾರದೆಂಬುದು ಅವರ ಕೊನೆಯ ಇಚ್ಛೆಯಾಗಿತ್ತು. ಆಗ ಅದು ಎಂದೂ ನೆರವೇರದ ಕನಸಿನಂತೆ ತೋರಿರಬೇಕು. 1989ರಲ್ಲಿ ಹಂಗೇರಿ ಆಸ್ಟ್ರಿಯಾದ ಕಡೆಯ ತನ್ನ ಗಡಿಯನ್ನು ತೆರೆಯಿತು. ಅದೇ ವರ್ಷ ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆಯಿತು. 1991ರ ಮೇ 4ರಂದು ಕಾರ್ಡಿನಲರ ಅವಶೇಷಗಳು ಎಸ್ತರ್ಗೋಮ್ ಮಹಾದೇವಾಲಯಕ್ಕೆ ಮರಳಿದವು. ಜೂನ್ 19ರಂದು ಕೊನೆಯ ಸೋವಿಯತ್ ಸೈನಿಕ ಹಂಗೇರಿಯನ್ನು ಬಿಟ್ಟ. ಆಗಸ್ಟ್ ತಿಂಗಳಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಬಂದು ಆ ಸಮಾಧಿಯ ಬಳಿ ಪ್ರಾರ್ಥಿಸಿದರು. ಡಿಸೆಂಬರ್ ಮುಗಿಯುವಷ್ಟರಲ್ಲಿ ಸೋವಿಯತ್ ಒಕ್ಕೂಟವೇ ಇರಲಿಲ್ಲ. 2019ರಲ್ಲಿ ಪೋಪ್ ಫ್ರಾನ್ಸಿಸರು ಮಿಂಡ್ಸೆಂಟಿಯವರ ವೀರೋಚಿತ ಸದ್ಗುಣಗಳನ್ನು ಅಂಗೀಕರಿಸಿ ಅವರನ್ನು ಪೂಜನೀಯರೆಂದು ಘೋಷಿಸಿದರು.

ಪ್ರಿಯ ವಾಚಕರೇ, ನಮ್ಮಲ್ಲಿ ಹೆಚ್ಚಿನವರಿಗೆ ಸೆರೆಮನೆಯ ಕರೆ ಬರಲಾರದು. ಆದರೆ ಸಹಿಯ ಕರೆ ದಿನವೂ ಬರುತ್ತದೆ. ಕಚೇರಿಯಲ್ಲಿ ಸುಳ್ಳು ಲೆಕ್ಕಕ್ಕೆ ಸಹಿ, ಅಣ್ಣತಮ್ಮಂದಿರ ಆಸ್ತಿ ಪತ್ರದಲ್ಲಿ ಮೋಸದ ಸಹಿ, ಅನ್ಯಾಯವನ್ನು ಕಂಡೂ ಕಾಣದಂತೆ ಮೌನವಾಗಿ ಹಾಕುವ ಸಹಿ. ಇವಕ್ಕೆ ನಮ್ಮನ್ನು ಯಾರೂ ರಬ್ಬರ್ ದೊಣ್ಣೆಯಿಂದ ಹೊಡೆಯುವುದಿಲ್ಲ. ಸಣ್ಣ ಲಾಭ, ಸಣ್ಣ ಭಯ ಸಾಕಾಗುತ್ತದೆ. ಸಂಜೆಯ ಜಪಸರಕ್ಕೆ ಕುಟುಂಬವೆಲ್ಲ ಒಟ್ಟಾಗಿ ಕುಳಿತಾಗ ಈ ಕಾರ್ಡಿನಲರ ಕಥೆಯನ್ನು ಮಕ್ಕಳಿಗೆ ಹೇಳೋಣ. ಇಂದಿಗೂ ವಿಶ್ವಾಸಕ್ಕಾಗಿ ಸೆರೆಯಲ್ಲಿರುವವರನ್ನು ಪ್ರಾರ್ಥನೆಯಲ್ಲಿ ನೆನೆಯೋಣ. ನಮ್ಮ ಕೈ ಸಹಿ ಮಾಡುವ ಮುನ್ನ ಆತ್ಮಸಾಕ್ಷಿಯನ್ನು ಕೇಳುವ ಧೈರ್ಯವನ್ನು ಪ್ರಭು ಕ್ರಿಸ್ತರು ನಮಗೆ ದಯಪಾಲಿಸಲಿ.