ಗದುಗಿನ ನಾರಣಪ್ಪನ ಹಾರರ್ ಕಥೆ

ರಾತ್ರಿ ಲೈಟ್ ಆಫ್ ಮಾಡಿ ಹಾರರ್ ಸಿನಿಮಾ ನೋಡೋ ನಮಗೆ ಕುಮಾರವ್ಯಾಸ ಅಂದ್ರೆ ಸ್ಕೂಲಲ್ಲಿ ಬಾಯಿಪಾಠ ಮಾಡಿದ ಪದ್ಯ, ಅಷ್ಟೇ. ಅವನ ಬಗ್ಗೆ ಗದಗಿನಲ್ಲಿ ಹೇಳೋ ಕಥೆ ಕೇಳಿದ ಮೇಲೆ ನಿದ್ದೆ ಬರಲಿಲ್ಲ.

15ನೇ ಶತಮಾನದವನು. ಹೆಸರು ನಾರಣಪ್ಪ, ಊರು ಕೋಳಿವಾಡ, ಗದಗಿನ ವೀರನಾರಾಯಣನ ಭಕ್ತ. ಗುಡಿಯಲ್ಲಿ ದ್ವಾದಶಿ ಊಟ ಮುಗಿಸಿ ಎಲ್ಲರಿಗಿಂತ ಮೊದಲು ಎದ್ದುಹೋದ ಬ್ರಾಹ್ಮಣನ ಬೆನ್ನುಹತ್ತಿ ಕಾಲು ಹಿಡಿದನಂತೆ. ಆತ ಅಶ್ವತ್ಥಾಮ! ಶಾಪದಿಂದ ಸಾಯೋಕೂ ಆಗದೆ ಒಬ್ಬನೇ ಅಲೆಯುತ್ತಿದ್ದವನು. ಭಾರತದ ಕಥೆ ಕೊಡಲು ಒಪ್ಪಿದ, ಆದರೆ ಯಾರಿಗೂ ಹೇಳಬಾರದು. ನಾರಣಪ್ಪ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಗುಡಿಯ ಕಂಬದ ಹತ್ತಿರ ಕೂರುತ್ತಿದ್ದ. ಬಟ್ಟೆ ಒಣಗೋವರೆಗೆ ಮಾತ್ರ ಪದ್ಯ ಬರುತ್ತಿತ್ತು. ಆ ಕಂಬ ಈಗಲೂ ತೋರಿಸ್ತಾರೆ.

ನಮಗೆ ಭಯ ಆಗಿದ್ದು ಬೇರೆ ಕಡೆ. ರಾತ್ರಿ ಶಿಬಿರಕ್ಕೆ ನುಗ್ಗಿ, ಮಲಗಿದ್ದ ದ್ರೌಪದಿಯ ಐದು ಮಕ್ಕಳನ್ನು ಕೊಂದವನು ಇದೇ ಅಶ್ವತ್ಥಾಮ. ಗದಾಪರ್ವದಲ್ಲಿ ಆ ರಾತ್ರಿಯೂ ಇದೆ. ಅಂದ್ರೆ ಅದನ್ನು ಅವನೇ ಹೇಳಿಕೊಟ್ಟಿರಬೇಕು!

ಕೊನೆಗೆ ನಾರಣಪ್ಪ ಗುಟ್ಟನ್ನು ಹೆಂಡತಿಗೆ ಹೇಳಿಬಿಟ್ಟ. (ಸ್ಪಾಯ್ಲರ್ ಹೊಟ್ಟೇಲಿ ಇಟ್ಕೊಳ್ಳೋದು ನಮಗೂ ಆಗಲ್ಲ.) ಪದ್ಯ ಅಲ್ಲಿಗೇ ನಿಂತಿತಂತೆ. ಮಹಾಭಾರತದ 18 ಪರ್ವಗಳಲ್ಲಿ ಅವನು ಬರೆದದ್ದು 10.