ಗಣಿತಾಚಾರ್ಯ ಮಹಾವೀರರು: ಅಂಶದಲ್ಲಿ ಪೂರ್ಣದ ಅರಿವು

ಆರು ಬಾಹ್ಯ ತಪಸ್ಸುಗಳಲ್ಲಿ ಎರಡನೆಯದು ಅವಮೌದರ್ಯ. ಹೊಟ್ಟೆ ತುಂಬ ಉಣ್ಣದೆ ಕಡಿಮೆ ಉಣ್ಣುವುದು. ಕಡಿಮೆಯೆಂದರೆ ಯಾವುದಕ್ಕಿಂತ ಕಡಿಮೆ? ಶಾಸ್ತ್ರಕಾರರು ಪೂರ್ಣಾಹಾರವು ಪುರುಷರಿಗೆ 32 ತುತ್ತು, ಸ್ತ್ರೀಯರಿಗೆ 28 ತುತ್ತು ಎಂದು ಮೊದಲು ನಿಶ್ಚಯಿಸಿ ಅನಂತರವೇ ಊನವನ್ನು ಹೇಳಿದರು. ಆದುದರಿಂದ ಅರೆ ಎಂಬ ಮಾತು ಒಬ್ಬರಿಗೆ 16 ತುತ್ತು, ಇನ್ನೊಬ್ಬರಿಗೆ 14 ತುತ್ತು. ಪೂರ್ಣವನ್ನು ಅರಿಯದವನಿಗೆ ಅಂಶವೂ ತಿಳಿಯದು. ಈ ವಿಚಾರವನ್ನು ಗಣಿತದಲ್ಲಿ ವಿಶದಪಡಿಸಿದ ಮಹನೀಯರು ನಮ್ಮ ನಾಡಿನ ಮಹಾವೀರಾಚಾರ್ಯರು.

ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಶ್ರಯ ಅವರಿಗೆ ಲಭಿಸಿತ್ತು. ಆಚಾರ್ಯ ಜಿನಸೇನರು ಆ ಅರಸನಿಗೆ ಗುರುಗಳು. ನಮ್ಮ ಸೀಮೆಯಲ್ಲಿಯೂ ಅದು ಜಿನಧರ್ಮದ ಉನ್ನತಿಯ ಕಾಲ. ಸುಗಂಧವರ್ತಿಯಲ್ಲಿ, ಅಂದರೆ ಇಂದಿನ ಸವದತ್ತಿಯಲ್ಲಿ, ರಟ್ಟರ ಪೃಥ್ವೀರಾಮನು ಜಿನಾಲಯವನ್ನು ಕಟ್ಟಿಸಿ ಭೂಮಿಯನ್ನು ದಾನವಿತ್ತುದನ್ನು ಶಕ 797ರ ಉಲ್ಲೇಖವುಳ್ಳ ಅಲ್ಲಿಯ ಶಾಸನ ತಿಳಿಸುತ್ತದೆ. ಮಹಾವೀರಾಚಾರ್ಯರು ಸುಮಾರು 850ರಲ್ಲಿ ಗಣಿತಸಾರಸಂಗ್ರಹವನ್ನು ಸಂಸ್ಕೃತ ಪದ್ಯಗಳಲ್ಲಿ ರಚಿಸಿದರು. ಜಿನೇಂದ್ರನಿಗೆ ವಂದಿಸಿ, ಅರಸನನ್ನು ಪ್ರಶಂಸಿಸಿ ಗ್ರಂಥವನ್ನು ಆರಂಭಿಸಿದ ಅವರು ತಮ್ಮ ಊರು ಕುಲಗಳನ್ನು ಹೇಳಿಕೊಳ್ಳಲಿಲ್ಲ.

ಆ ಗ್ರಂಥದಲ್ಲಿ ಭಿನ್ನರಾಶಿಗಳ ಪ್ರಕರಣಕ್ಕೆ ಕಲಾಸವರ್ಣ ಎಂದು ಹೆಸರು. ಕಲೆಯೆಂದರೆ ಅಂಶ, ಬೇರೆ ಬೇರೆ ಅಂಶಗಳನ್ನು ಒಂದೇ ವರ್ಗಕ್ಕೆ ತರುವುದೇ ಸವರ್ಣ. ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ರೈತರಿಗೆ ಇದು ಹೊಸದಲ್ಲ. ಒಂದು ಎಕರೆಗೆ 40 ಗುಂಟೆ. ಎಕರೆಯ ಕಾಲು ಭಾಗವನ್ನೂ ಐದನೆಯ ಒಂದು ಭಾಗವನ್ನೂ ಕೂಡಿಸಬೇಕಾದರೆ ರೈತನು 10 ಗುಂಟೆ, 8 ಗುಂಟೆ ಎಂದು ಮಾಡಿಕೊಂಡು 18 ಗುಂಟೆ ಎನ್ನುತ್ತಾನೆ. ಹೀಗೆ ಛೇದಗಳನ್ನು ಸಮಗೊಳಿಸಲು ಆಚಾರ್ಯರು ನಿರುದ್ಧವೆಂಬ ಕ್ರಮವನ್ನು ವಿಧಿಸಿದರು. ಇದೇ ಇಂದಿನ ಶಾಲೆಗಳ ಲಘುತಮ ಸಾಮಾನ್ಯ ಅಪವರ್ತ್ಯ. ಪೂರ್ಣಾಂಕಕ್ಕೆ ಅಂಶ ಕೂಡಿದರೆ ಭಾಗಾನುಬಂಧ: ಎರಡಕ್ಕೆ ಕಾಲು ಸೇರಿ ಎರಡೂಕಾಲು, ಅಂದರೆ ಒಂಬತ್ತು ಕಾಲುಗಳು. ಪೂರ್ಣಾಂಕದಿಂದ ಅಂಶ ಕಳೆದರೆ ಭಾಗಾಪವಾಹ: ಮೂರರಲ್ಲಿ ಕಾಲು ಕಳೆದರೆ ಹನ್ನೊಂದು ಕಾಲುಗಳು. ಪೂರ್ಣಾಂಕವೂ ಅಂಶಗಳ ರೂಪವನ್ನು ತಾಳಬಲ್ಲುದೆಂದು ಇದರಿಂದ ವಿದಿತವಾಗುತ್ತದೆ.

ಒಂದನ್ನು ಅಂಶಗಳಾಗಿ ಒಡೆಯುವ ಅವರ ಸೂತ್ರ ಮನೋಹರವಾದುದು. ಒಂದರಿಂದ ತೊಡಗಿ ಮೂರುಪಟ್ಟು ಏರುವ ಛೇದಗಳನ್ನು ಬರೆದು, ಮೊದಲನೆಯದನ್ನು ಎರಡರಿಂದಲೂ ಕೊನೆಯದನ್ನು ಮೂರನೆಯ ಎರಡರಿಂದಲೂ ಗುಣಿಸಬೇಕು. 1, 3, 9, 27 ಎಂಬಲ್ಲಿ 2, 3, 9, 18 ದೊರೆಯುತ್ತವೆ. 18 ತುತ್ತಿನ ಅನ್ನದಲ್ಲಿ ಅರ್ಧ 9, ಮೂರನೆಯ ಒಂದು ಭಾಗ 6, ಒಂಬತ್ತನೆಯದು 2, ಹದಿನೆಂಟನೆಯದು 1. ಕೂಡಿದರೆ ತಿರುಗಿ 18. ಅತಿ ಕಿರಿದಾದ ಆ ಒಂದು ತುತ್ತನ್ನು ಬಿಟ್ಟರೆ ಪೂರ್ಣವು ಪೂರ್ಣವಾಗದು.

ಶೂನ್ಯದಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದ ಅವರ ಮಾತನ್ನು ಇಂದಿನ ಗಣಿತ ಒಪ್ಪದು. ಆದರೂ ಅವರ ಕೀರ್ತಿ ಕುಂದಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. 2000ದಲ್ಲಿ ಹೊಂಬುಜದಿಂದ ಕನ್ನಡ ಅನುವಾದವೂ ಹೊರಬಂದಿತು.

ವ್ರತಿಗಳಾದ ಶ್ರಾವಕ ಶ್ರಾವಿಕೆಯರು ಇದರಿಂದ ಗ್ರಹಿಸಬೇಕಾದುದುಂಟು. ಪ್ರೋಷಧೋಪವಾಸವು ಉತ್ತಮವಾದರೆ 16 ಪ್ರಹರ, ಮಧ್ಯಮವಾದರೆ 12, ಜಘನ್ಯವಾದರೆ 8. ವೃದ್ಧರೂ ರೋಗಿಗಳೂ ತಮ್ಮ ಎಂಟು ಪ್ರಹರವನ್ನು ನಿಷ್ಫಲವೆಂದು ಬಗೆದು ವ್ರತವನ್ನೇ ತೊರೆಯಬಾರದು. ಅದು ಹದಿನಾರರ ಅರ್ಧ, ಶೂನ್ಯವಲ್ಲ. ಶಕ್ತಿಯುಳ್ಳವರು ಎಂಟನ್ನೇ ಪೂರ್ಣವೆಂದು ಹೆಸರಿಟ್ಟು ತೃಪ್ತರಾಗಲೂಬಾರದು. ಅಂಶವನ್ನು ಅಂಶವೆಂದೇ ಎಣಿಸುವುದು ಸತ್ಯವ್ರತಕ್ಕೂ ಸೇರಿದ ವಿಷಯ. ಗೃಹಸ್ಥರ ಅಣುವ್ರತವು ಮುನಿಗಳ ಮಹಾವ್ರತದ ಒಂದು ದೇಶ, ಒಂದು ಭಾಗ. ಆ ಪೂರ್ಣವನ್ನು ಕಣ್ಣೆದುರಿಗೆ ಇರಿಸಿಕೊಂಡು, ತಮಗೆ ಸಾಧ್ಯವಾದ ಭಾಗವನ್ನು ಕುಂದಿಲ್ಲದೆ ಪಾಲಿಸುವುದೇ ಶ್ರೇಯಸ್ಕರ.