ಲೆಸ್ಲಿ ಕೋಲ್ಮನ್

ಲೆಸ್ಲಿ ಚಾರ್ಲ್ಸ್ ಕೋಲ್ಮನ್ (16 ಜೂನ್ 1878 – 14 ಸೆಪ್ಟೆಂಬರ್ 1954) ಕೆನಡಾ ಮೂಲದ ಸಸ್ಯರೋಗಶಾಸ್ತ್ರಜ್ಞ ಹಾಗೂ ಕೀಟಶಾಸ್ತ್ರಜ್ಞರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾಗಿ ಬೆಂಗಳೂರಿನಲ್ಲಿ ಬಹುಕಾಲ ಸೇವೆ ಸಲ್ಲಿಸಿದರು. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯ ಅಧ್ಯಯನ ಮತ್ತು ಆ ರೋಗಕ್ಕೆ ರೈತರ ಕೈಗೆಟುಕುವ ಬೆಲೆಯ ಪರಿಹಾರವನ್ನು ರೂಪಿಸಿದ್ದು ಅವರ ಮುಖ್ಯ ಸಾಧನೆಗಳು.

ಆರಂಭಿಕ ಜೀವನ

ಕೋಲ್ಮನ್ ಜನಿಸಿದ್ದು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಗಳಿಸಿದರು. 1908ರಲ್ಲಿ ಮೈಸೂರು ಸರ್ಕಾರದ ಶಿಲೀಂಧ್ರಶಾಸ್ತ್ರಜ್ಞ ಹಾಗೂ ಕೀಟಶಾಸ್ತ್ರಜ್ಞರಾಗಿ ನೇಮಕಗೊಂಡರು. ಅವರಿಗಿಂತ ಮುಂಚೆಯೇ ಅಡಾಲ್ಫ್ ಲೆಹ್ಮನ್ ಎಂಬ ರಸಾಯನಶಾಸ್ತ್ರಜ್ಞರು ಇಲ್ಲಿ ಕೃಷಿ ಸಂಶೋಧನೆಗೆ ಅಡಿಪಾಯ ಹಾಕಿದ್ದರು. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರು 1899ರಲ್ಲಿ ನೀಡಿದ 30 ಎಕರೆ ಭೂಮಿಯಲ್ಲಿ ಹೆಬ್ಬಾಳದ ಪ್ರಯೋಗ ಕ್ಷೇತ್ರವೂ ಆರಂಭವಾಗಿತ್ತು.

ಅಡಿಕೆಯ ಕೊಳೆರೋಗ

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಮಳೆಗಾಲವೆಂದರೆ ಕೊಳೆರೋಗದ ಕಾಲ. ಇದಕ್ಕೆ ಮಹಾಳಿ ಎಂಬ ಹೆಸರೂ ಉಂಟು. ಎಳೆಯ ಕಾಯಿಗಳ ಮೇಲೆ ನೀರುಗಟ್ಟಿದಂತಹ ಕಲೆ ಮೂಡಿ, ಕಾಯಿ ಕೊಳೆತು ಉದುರುತ್ತದೆ; ಬಿದ್ದ ಕಾಯಿಯ ಮೇಲೆ ಬಿಳಿಯ ಬೂಷ್ಟು ಹರಡುತ್ತದೆ. ಮಳೆ ಬಿಡದೆ ಸುರಿದರೆ ವರ್ಷದ ಫಸಲೇ ನೆಲ ಕಾಣುವುದುಂಟು. ಗೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವುದು ಹಿಂದಿನಿಂದ ಬಂದ ಕ್ರಮ. ಅದು ಮಟ್ಟಿಗೆ ಫಲ ಕೊಡುತ್ತಿತ್ತಾದರೂ ಎತ್ತರದ ಒಂದೊಂದು ಮರವನ್ನೂ ಹತ್ತಿ ಕಟ್ಟಬೇಕಾದ್ದರಿಂದ ಶ್ರಮ ಹೆಚ್ಚು.

ಈ ರೋಗವನ್ನು 1906ರಲ್ಲಿ ಇ. ಜೆ. ಬಟ್ಲರ್ ವರದಿ ಮಾಡಿದ್ದರು. ಕೋಲ್ಮನ್ ಅದನ್ನು ವಿಸ್ತಾರವಾಗಿ ಅಧ್ಯಯನ ಮಾಡಿ 1910ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಣಬೆಯಾಗಲಿ ಬೂಷ್ಟಾಗಲಿ, ಕಣ್ಣಿಗೆ ಕಾಣುವ ಹೊರರೂಪ ಅಥವಾ ಛಾಯಾಚಿತ್ರದಿಂದ ಮಾತ್ರ ಅದರ ಜಾತಿಯನ್ನು ನಿರ್ಣಯಿಸುವುದು ಕಷ್ಟ. ಬೀಜಕಗಳ ಆಕಾರ, ಅವು ಹುಟ್ಟುವ ಬಗೆ ಮತ್ತು ಆಶ್ರಯ ಸಸ್ಯದೊಂದಿಗಿನ ಸಂಬಂಧ ತಿಳಿಯಬೇಕು. ಅಡಿಕೆಯ ಬೂಷ್ಟಿನಲ್ಲಿ ಸೂಕ್ಷ್ಮದರ್ಶಕದಡಿ ಕಾಣುವುದು ನಿಂಬೆಯಾಕಾರದ ಬೀಜಕಚೀಲಗಳು. ಅವು ನೀರಿನಲ್ಲಿ ಒಡೆದಾಗ ಈಜಬಲ್ಲ ಸೂಕ್ಷ್ಮ ಬೀಜಕಗಳು ಹೊರಬರುತ್ತವೆ. ಮಳೆಗೂ ರೋಗಕ್ಕೂ ಇರುವ ನಂಟು ಇದರಿಂದ ಸ್ಪಷ್ಟವಾಗುತ್ತದೆ: ಕಾಯಿಯ ಮೇಲೆ ನೀರಿನ ಪದರವಿದ್ದರೆ ಮಾತ್ರ ಬೀಜಕ ಈಜಿ ಒಳಹೊಗಬಲ್ಲದು.

ಕೋಲ್ಮನ್ ಈ ಜೀವಿಯನ್ನು ಫೈಟಾಫ್ತೊರಾ ಆಮ್ನಿವೊರಾ ಪ್ರಭೇದದ ಅರೆಕೆ ಎಂಬ ಉಪಬಗೆಯಾಗಿ ಹೆಸರಿಸಿದರು. 1913ರಲ್ಲಿ ಪೆತಿಬ್ರಿಜ್ ಅದನ್ನು ಫೈಟಾಫ್ತೊರಾ ಅರೆಕೆ ಎಂಬ ಪ್ರತ್ಯೇಕ ಪ್ರಭೇದವೆಂದು ಪರಿಗಣಿಸಿದರು. ಬಳಿಕ ಈ ವರ್ಗೀಕರಣವೂ ಪರಿಷ್ಕರಣೆಗೆ ಒಳಪಟ್ಟಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಾಫಿ ಗಿಡಕ್ಕೆ ಬರುವ ಕಪ್ಪು ಕೊಳೆತಕ್ಕೂ ಕನ್ನಡದಲ್ಲಿ ಕೊಳೆರೋಗವೆಂದೇ ಹೆಸರು. 1876ರಲ್ಲಿ ಎಂ. ಸಿ. ಕುಕ್ ಆ ಶಿಲೀಂಧ್ರಕ್ಕೆ ಪೆಲ್ಲಿಕ್ಯುಲೇರಿಯಾ ಕೊಳೆರೋಗ ಎಂದು ನಾಮಕರಣ ಮಾಡಿದ್ದರಿಂದ ಕನ್ನಡದ ಪದವೊಂದು ವೈಜ್ಞಾನಿಕ ಹೆಸರಾಯಿತು. ಅಣಬೆಗಳು ಸೇರುವ ಬೃಹತ್ ವಿಭಾಗಕ್ಕೇ ಈ ಶಿಲೀಂಧ್ರವೂ ಸೇರುತ್ತದೆ. ಅಡಿಕೆಯ ಕೊಳೆರೋಗದ ಜೀವಿಯಾದರೋ ಇಂದಿನ ವರ್ಗೀಕರಣದಂತೆ ನಿಜವಾದ ಶಿಲೀಂಧ್ರವೇ ಅಲ್ಲ. ಅದರ ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಪ್ರಧಾನವಾಗಿದ್ದು, ಅದು ಕೆಲವು ಪಾಚಿಗಳಿಗೆ ಹತ್ತಿರದ ಸಂಬಂಧಿ. ಒಂದೇ ಹೆಸರಿನ, ನೋಟಕ್ಕೂ ಕೊಳೆತವೆಂದೇ ತೋರುವ ಎರಡು ರೋಗಗಳ ಮೂಲ ಇಷ್ಟು ದೂರದ್ದು.

ಪರಿಹಾರವಾಗಿ ಕೋಲ್ಮನ್ ಆರಿಸಿಕೊಂಡದ್ದು ಬೋರ್ಡೋ ದ್ರಾವಣ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದ ಈ ಮಿಶ್ರಣಕ್ಕೆ ಬೇಕಾದದ್ದು ಮೈಲುತುತ್ತು, ಸುಣ್ಣ ಮತ್ತು ನೀರು. ಆದರೆ ಮಲೆನಾಡಿನ ಮಳೆಯಲ್ಲಿ ಸಿಂಪಡಿಸಿದ್ದು ಗೊನೆಯ ಮೇಲೆ ನಿಲ್ಲಬೇಕಲ್ಲ. ಅದಕ್ಕಾಗಿ ರಾಳವನ್ನು ಅಂಟಾಗಿ ಸೇರಿಸುವ ಕ್ರಮವನ್ನು ರೂಢಿಗೆ ತಂದರು. ದ್ರಾವಣವು ರೋಗ ತಗಲದಂತೆ ತಡೆಯುತ್ತದೆಯೇ ಹೊರತು ಕೊಳೆತ ಕಾಯಿಯನ್ನು ಉಳಿಸಲಾರದು. ಆದ್ದರಿಂದ ಮುಂಗಾರು ಹಿಡಿಯುವ ಮೊದಲೇ ಸಿಂಪಡಣೆ ಆಗಬೇಕು. ಮೊದಲ ಸಿಂಪಡಣೆಯ ಸುಮಾರು 40–45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸುವ ಪದ್ಧತಿ ಅಡಿಕೆ ಸೀಮೆಯಲ್ಲಿ ಇಂದಿಗೂ ಇದೆ.

ಇತರ ಸಂಶೋಧನೆಗಳು

ಜೋಳದ ಬೆಳೆಯನ್ನು ತಿನ್ನುವ ರೆಕ್ಕೆಯಿಲ್ಲದ ಮಿಡತೆಯನ್ನೂ ಅವರು ಅಧ್ಯಯನ ಮಾಡಿದರು. ಆ ಮಿಡತೆಯ ಕುಲಕ್ಕೆ ಬೊಲಿವಾರ್ 1910ರಲ್ಲಿ ಕೋಲ್ಮನಿಯಾ ಎಂದು ಹೆಸರಿಟ್ಟರು. ಶ್ರೀಗಂಧದ ಸ್ಪೈಕ್ ರೋಗವು ಕಸಿ ಕಟ್ಟುವುದರಿಂದ ಹರಡುತ್ತದೆಂದು 1917ರಲ್ಲಿ ತೋರಿಸಿದರು. ಆದರೆ ಆ ರೋಗಾಣು ಅವರ ಸೂಕ್ಷ್ಮದರ್ಶಕಕ್ಕೆ ನಿಲುಕುವಂಥದ್ದಾಗಿರಲಿಲ್ಲ. ಅದು ಫೈಟೊಪ್ಲಾಸ್ಮಾ ಬಗೆಯದೆಂದು ಗೊತ್ತಾದದ್ದು 1960ರ ದಶಕದ ಕೊನೆಯಲ್ಲಿ. ಕೀಟಶಾಸ್ತ್ರಜ್ಞ ಕೆ. ಕುಂಞಿಕಣ್ಣನ್ ಮತ್ತು ಶಿಲೀಂಧ್ರಶಾಸ್ತ್ರಜ್ಞ ಎಂ. ಜೆ. ನರಸಿಂಹನ್ ಅವರ ಸಹೋದ್ಯೋಗಿಗಳಾಗಿದ್ದರು.

ಆಡಳಿತ

1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಪ್ರಾರಂಭವಾಯಿತು. ಮುಂದೆ 1946ರಲ್ಲಿ ಹೆಬ್ಬಾಳದಲ್ಲಿಯೇ ಕೃಷಿ ಕಾಲೇಜು ಬಂದಿತು. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಗಲು ಅವರ ಪ್ರಯತ್ನ ಕಾರಣ. ಅದು ಈಗಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಮಂಡ್ಯದ ಕಬ್ಬಿನ ಬೇಸಾಯ ಮತ್ತು ಸಕ್ಕರೆ ಉದ್ಯಮದ ಬೆಳವಣಿಗೆಯಲ್ಲಿಯೂ ಅವರ ಪಾತ್ರವಿತ್ತು.

ಕೊನೆಯ ವರ್ಷಗಳು

1934ರಲ್ಲಿ ನಿವೃತ್ತರಾದ ಕೋಲ್ಮನ್ ಕೆನಡಾಕ್ಕೆ ಹಿಂದಿರುಗಿ, ಟೊರೊಂಟೊದಲ್ಲಿ ಸಸ್ಯಕೋಶಗಳ ಅಧ್ಯಯನದಲ್ಲಿ ತೊಡಗಿದರು. 1954ರ ಸೆಪ್ಟೆಂಬರ್ 14ರಂದು ನಿಧನರಾದರು.